ಟ್ರೈಲರ್‌ಗೆ ಯಾವ ಟೈರ್? ಭಾರ, ಬಿಸಿ, ವಯಸ್ಸು ನೋಡಿ ಆರಿಸುವ ಬಗೆ

"ಕಾರಿನಿಂದ ಬಿಚ್ಚಿಟ್ಟ ಎರಡು ಟೈರ್ ಇನ್ನೂ ಚೆನ್ನಾಗಿವೆ, ಟ್ರೈಲರ್‌ಗೆ ಹಾಕಿಬಿಡಲಾ?" "ಎಸ್‌ಟಿ (ಟ್ರೈಲರ್‌ಗೆಂದೇ ಮಾಡಿದ್ದು) ಅಂತ ಬರೆದಿರುವುದೇ ಬೇಕಾ, ಪಿಕಪ್ ಟೈರ್ ನಡೆಯುತ್ತಾ?" "ನೈಲಾನ್ ಸಾಕಾ, ರೇಡಿಯಲ್ಲೇ ಬೇಕಾ?" ಸಾಮಾನು ಸಾಗಿಸುವ ಸಣ್ಣ ಟ್ರೈಲರ್ ಇಟ್ಟುಕೊಂಡವರು ಟೈರ್ ಬದಲಿಸುವ ಹೊತ್ತಿಗೆ ಸಿಕ್ಕಿಕೊಳ್ಳುವುದು ಈ ಮೂರು ಪ್ರಶ್ನೆಗಳಲ್ಲೇ. ಅಂಗಡಿಯವರನ್ನು ಕೇಳಿದರೆ ತಮ್ಮ ಹತ್ತಿರ ಇರುವುದೇ ಒಳ್ಳೆಯದು ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅವರು ವ್ಯಾಪಾರಕ್ಕೆ ಕೂತವರು. ಆದರೆ ಕೊಳ್ಳುವವರ ಕೈಯಲ್ಲೂ ಒಂದು ಅಳತೆ ಇರಬೇಕು, ಅಲ್ವಾ?

ಕಾರಿನ ಟೈರ್ ಸಾಮಾನ್ಯವಾಗಿ ಸವೆದು ಮುಗಿಯುತ್ತದೆ. ಟ್ರೈಲರ್ ಟೈರ್ ಸವೆಯುವ ಮುಂಚೆಯೇ ಮುಗಿಯುತ್ತದೆ. ಮೇಲೆ ಬಟನ್, ಅಂದರೆ ರಸ್ತೆಗೆ ತಾಗುವ ಭಾಗದ ಅಚ್ಚು, ಹೊಸದರ ಹಾಗೇ ಇರುತ್ತದೆ. ಒಳಗೆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಇಲ್ಲವೇ ಕಮ್ಮಿ ಗಾಳಿಯಲ್ಲಿ ಜಾಸ್ತಿ ಭಾರ ಹೊತ್ತು ಪದರಗಳು ಒಂದನ್ನೊಂದು ಬಿಟ್ಟಿರುತ್ತವೆ. ಇದರ ಜೊತೆಗೆ, ಎಳೆಯುವ ಗಾಡಿಯಲ್ಲಿ ಕೂತವರಿಗೆ ಹಿಂದಿನ ಟೈರ್ ಗಾಳಿ ಕಳೆದುಕೊಳ್ಳುತ್ತಿರುವುದು ಗೊತ್ತೇ ಆಗುವುದಿಲ್ಲ. ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದಿಲ್ಲ, ಸೀಟಿನಡಿ ಏನೂ ಅದುರುವುದಿಲ್ಲ. ಕನ್ನಡಿಯಲ್ಲಿ ಹೊಗೆಯೋ ರಬ್ಬರ್ ಚೂರೋ ಕಂಡಾಗಲೇ ಸುದ್ದಿ ತಲುಪುವುದು. ಹಾಗಾಗಿ ಬಟನ್ ಎಷ್ಟು ಆಳ ಇದೆ, ರಸ್ತೆ ಹಿಡಿತ ಎಷ್ಟು ಅನ್ನುವುದೆಲ್ಲ ಇಲ್ಲಿ ಹಿಂದಿನ ಸಾಲಿನ ಪ್ರಶ್ನೆಗಳು. ಭಾರ, ಬಿಸಿ, ವಯಸ್ಸು ಮುಂದಿನ ಸಾಲಿನವು. ಕೆಳಗೆ ಒಂದೊಂದು ಬಗೆಯ ಟೈರನ್ನೂ ಇವೇ ಮೂರರಲ್ಲಿ ತೂಗಿ ನೋಡಿದ್ದೇನೆ.

ಅಂಗಡಿಗೆ ಹೋಗುವ ಮೊದಲು

ಮೊದಲು ಭಾರ. ಟ್ರೈಲರ್‌ನ ಚಾಸಿಗೆ ಹೊಡೆದ ತಗಡಿನ ಮೇಲೆ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಅದು ಖಾಲಿ ಟ್ರೈಲರ್ ಮತ್ತು ಸಾಮಾನು ಎರಡೂ ಸೇರಿದ ತೂಕ. ಅದನ್ನು ಟೈರ್‌ಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಒಂದೇ ಆಕ್ಸಲ್, ಒಟ್ಟು 1400 ಕೆ.ಜಿ. ಅಂದರೆ ಟೈರ್ ಒಂದಕ್ಕೆ 700 ಕೆ.ಜಿ. ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಹಿಚ್ (ಟ್ರೈಲರನ್ನು ಗಾಡಿಗೆ ಜೋಡಿಸುವ ಕೊಂಡಿ) ಮೇಲೆ ಕೂರುತ್ತದೆ, ಅಷ್ಟನ್ನು ಕಳೆಯಬಹುದಲ್ಲ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ನಾನು ಕಳೆಯುವುದಿಲ್ಲ. ಸಾಮಾನು ಯಾವತ್ತೂ ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿ ಕೂರುವುದಿಲ್ಲ. ಒಂದು ಟೈರ್ ಮೇಲೆ ತನ್ನ ಪಾಲಿಗಿಂತ ಜಾಸ್ತಿ ಬಿದ್ದೇ ಬೀಳುತ್ತದೆ. ಅದರ ಮೇಲೆ ಇನ್ನೂ ಶೇ. 15ರಿಂದ 20ರಷ್ಟು ಸೇರಿಸಿ. 700 ಇದ್ದದ್ದು 805ರಿಂದ 840ಕ್ಕೆ ಬರುತ್ತದೆ. ನೀವು ಹುಡುಕಬೇಕಾದ ಟೈರ್ ಅಷ್ಟು ಹೊರುವಂಥದ್ದು. ತಗಡು ಅಳಿಸಿಹೋಗಿದ್ದರೆ, ನೀವು ಹಾಕುವ ಅತಿ ಹೆಚ್ಚಿನ ಲೋಡ್ ಹಾಕಿಕೊಂಡು ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ. ಎಷ್ಟೋ ಜನರ ಅಂದಾಜು ಅಲ್ಲಿ ತಲೆಕೆಳಗಾಗುತ್ತದೆ. ಒದ್ದೆ ಮಣ್ಣು ಮತ್ತು ಜಲ್ಲಿ ಒಂದು ಘನ ಮೀಟರ್‌ಗೆ ಒಂದೂವರೆ ಟನ್ನಿನ ಆಸುಪಾಸು ತೂಗುತ್ತವೆ. ಸಣ್ಣ ಟ್ರೈಲರ್ ಅರ್ಧ ತುಂಬುವಷ್ಟರಲ್ಲೇ ಮಿತಿ ಮುಟ್ಟಿರುತ್ತದೆ.

ಆಮೇಲೆ ವೇಗ. ಟೈರ್ ಪಕ್ಕದಲ್ಲಿ ಭಾರದ ಸಂಖ್ಯೆ (ಎಷ್ಟು ಹೊರುತ್ತದೆ ಅನ್ನುವುದರ ಸಂಕೇತ, ನೇರ ಕೆ.ಜಿ. ಅಲ್ಲ) ಆದ ಕೂಡಲೇ ಒಂದು ಅಕ್ಷರ ಇರುತ್ತದೆ. ಜೆ ಅಂದರೆ ಗಂಟೆಗೆ 100 ಕಿ.ಮೀ., ಕೆ ಅಂದರೆ 110, ಎಲ್ ಅಂದರೆ 120, ಎಂ ಅಂದರೆ 130. ಟ್ರೈಲರ್‌ಗೆಂದೇ ಮಾಡಿದ ಟೈರ್‌ನಲ್ಲಿ ಈ ಅಕ್ಷರ ಇಲ್ಲದಿದ್ದರೆ ಅದರ ಮಿತಿ ಗಂಟೆಗೆ 105 ಕಿ.ಮೀ. ಅಂತ ತಿಳಿಯಿರಿ.

ಟ್ರೈಲರ್ ಎಷ್ಟು ಕಾಲ ಸುಮ್ನೆ ನಿಂತಿರುತ್ತದೆ ಅನ್ನುವುದನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ದಿನಾ ಓಡುವ ಟ್ರೈಲರ್‌ಗೆ ಬೇಕಾದ ಟೈರ್ ಬೇರೆ, ವರ್ಷಕ್ಕೆ ನಾಲ್ಕು ಸಲ ಹೊರಬರುವುದಕ್ಕೆ ಬೇಕಾದದ್ದೇ ಬೇರೆ.

ಕೊನೆಗೆ ಡಿಸ್ಕ್, ಅಂದರೆ ಟೈರ್ ಕೂರುವ ಲೋಹದ ಚಕ್ರ. ಇದನ್ನು ಬಹಳ ಜನ ಮರೆಯುತ್ತಾರೆ. ಡಿಸ್ಕಿಗೂ ಇಷ್ಟೇ ಭಾರ, ಇಷ್ಟೇ ಗಾಳಿ ಅನ್ನುವ ಮಿತಿ ಇದೆ. ಸಾಮಾನ್ಯವಾಗಿ ಡಿಸ್ಕಿನ ಒಳಬದಿಯಲ್ಲೋ ಹಿಂಭಾಗದಲ್ಲೋ ಅಚ್ಚು ಹೊಡೆದಿರುತ್ತದೆ. 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕೇಳುವ ಟೈರ್ ತಂದು 50 ಪಿಎಸ್‌ಐ ತಡೆಯುವ ಡಿಸ್ಕಿಗೆ ಏರಿಸಿದರೆ ಟೈರ್‌ಗೆ ಕೊಟ್ಟ ದುಡ್ಡು ದಂಡ, ಅಪಾಯ ಲಾಭ.

ಟೈರ್ ಪಕ್ಕದ ಬರಹ

ಎಸ್‌ಟಿ 205/75 ಆರ್ 15 ಅಂತ ಇದ್ದರೆ: ಟ್ರೈಲರ್‌ಗೆಂದೇ ಮಾಡಿದ ಟೈರ್, ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 75, ರೇಡಿಯಲ್, ಡಿಸ್ಕ್ 15 ಇಂಚು. ಆರ್ ಇರುವ ಜಾಗದಲ್ಲಿ ಡಿ ಅಥವಾ ಒಂದು ಅಡ್ಡಗೆರೆ ಇದ್ದರೆ ಅದು ಅಡ್ಡ ನೂಲಿನ ಟೈರ್. ಅದನ್ನೇ ನಮ್ಮ ಜನ ನೈಲಾನ್ ಟೈರ್ ಅನ್ನುವುದು.

ಇದರ ಜೊತೆ ಲೋಡ್ ರೇಂಜ್ ಅಂತ ಇನ್ನೊಂದು ಅಕ್ಷರ ಇರುತ್ತದೆ. ಬಿ ಅಂದರೆ 4 ಪ್ಲೈ, ಸಿ ಅಂದರೆ 6, ಡಿ ಅಂದರೆ 8, ಇ ಅಂದರೆ 10. ಈಗಿನ ಟೈರ್‌ಗಳಲ್ಲಿ ನಿಜಕ್ಕೂ ಅಷ್ಟು ಪದರ ಇರುವುದಿಲ್ಲ, ಅಷ್ಟು ಪದರದ ಬಲ ಇದೆ ಅಂತ ಮಾತ್ರ ಅರ್ಥ. 13ರಿಂದ 16 ಇಂಚಿನ ಟ್ರೈಲರ್ ಟೈರ್‌ಗಳಲ್ಲಿ ಬಿ ಗೆ 35 ಪಿಎಸ್‌ಐ, ಸಿ ಗೆ 50, ಡಿ ಗೆ 65, ಇ ಗೆ 80 ಗಾಳಿ. ಅಳತೆಯಲ್ಲಿ ಬರುವ ಡಿ ಬೇರೆ, ಲೋಡ್ ರೇಂಜಿನ ಡಿ ಬೇರೆ. ಫೋನಿನಲ್ಲಿ ಹೇಳಿ ಟೈರ್ ತರಿಸುವಾಗ ಇದೊಂದು ಗೊಂದಲ ಆಗುತ್ತದೆ, ಬಿಡಿಸಿ ಹೇಳಿ.

ಮೇಲಿನ 1400 ಕೆ.ಜಿ. ಟ್ರೈಲರ್‌ಗೇ ಬರೋಣ. ಎಸ್‌ಟಿ 205/75 ಆರ್ 15 ಅಳತೆಯ ಸಿ ಟೈರ್ 50 ಪಿಎಸ್‌ಐನಲ್ಲಿ 825 ಕೆ.ಜಿ. ಹೊರುತ್ತದೆ. ಅದೇ ಅಳತೆಯ ಡಿ ಟೈರ್ 65 ಪಿಎಸ್‌ಐನಲ್ಲಿ 975 ಕೆ.ಜಿ. ಹೊರುತ್ತದೆ. ಸಿ ಹಾಕಿದರೆ ಸುಮಾರು ಶೇ. 18ರಷ್ಟು ಬಿಡುವು, ಅಂದರೆ ಸರಿಯಾಗಿ ಸಾಕು. ಡಿ ಹಾಕಿದರೆ ಶೇ. 39, ಧಾರಾಳ. ಆದರೆ ಒಂದು ಮಾತು. ಡಿ ಟೈರ್ ಹಾಕಿ 50 ಪಿಎಸ್‌ಐ ಗಾಳಿಯಲ್ಲೇ ಓಡಿಸಿದರೆ ಅದು ಹೊರುವುದೂ ಸಿ ಯಷ್ಟೇ. ಭಾರ ಹೊರುವುದು ಗಾಳಿ. ಟೈರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಜಾಸ್ತಿ ಪ್ಲೈ ಅಂದರೆ ಜಾಸ್ತಿ ಗಾಳಿ ತಡೆದುಕೊಳ್ಳುವ ತಾಕತ್ತು.

ಹಾಗಂತ ಎಲ್ಲದಕ್ಕೂ ಇ ಹಾಕುವುದು ಜಾಣತನವಲ್ಲ. 700 ಕೆ.ಜಿ. ಟ್ರೈಲರ್‌ಗೆ 80 ಪಿಎಸ್‌ಐ ಟೈರ್ ಹಾಕಿದರೆ ಖಾಲಿ ಬರುವಾಗ ಚೆಂಡಿನ ಹಾಗೆ ಪುಟಿಯುತ್ತದೆ. ಬಟನ್ ನಡುವೆ ಮಾತ್ರ ಸವೆಯುತ್ತದೆ, ಸಾಮಾನೂ ಕುಲುಕಿ ಹೋಗುತ್ತದೆ.

ಟ್ರೈಲರ್ ರೇಡಿಯಲ್

ಹೆಚ್ಚಿನವರಿಗೆ ಇದೇ ಸರಿ. ಪಕ್ಕದ ಗೋಡೆ ಕಾರಿನ ಟೈರ್‌ಗಿಂತ ಬಿಗಿ. ಹಾಗಾಗಿ ಹಿಂದೆ ಟ್ರೈಲರ್ ಅತ್ತಿತ್ತ ತೂಗುವುದು ಕಮ್ಮಿ. ಎರಡು ಆಕ್ಸಲ್ ಇರುವ ಟ್ರೈಲರನ್ನು ಚಿಕ್ಕ ತಿರುವಿನಲ್ಲಿ ತಿರುಗಿಸುವಾಗ ಟೈರ್‌ಗಳು ಉರುಳುವುದಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತವೆ. ಒಮ್ಮೆ ಕೆಳಗೆ ನಿಂತು ನೋಡಿ, ಡಿಸ್ಕ್ ಒಂದು ಕಡೆ, ರಬ್ಬರ್ ಇನ್ನೊಂದು ಕಡೆ ತಿರುಚಿಕೊಂಡಿರುತ್ತದೆ. ಆ ಎಳೆತವನ್ನು ತಡೆಯುವುದು ಇದರ ಕೆಲಸ.

ರೇಡಿಯಲ್‌ನ ದೊಡ್ಡ ಲಾಭ ಬಿಸಿಯ ವಿಷಯದಲ್ಲಿ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಇದ್ದರೆ ಬಗ್ಗುವ ಜಾಗ ಕಾಯುತ್ತದಲ್ಲ, ಟೈರ್ ಪಕ್ಕವೂ ಸುತ್ತು ಸುತ್ತಿಗೂ ಬಗ್ಗಿ ಬಗ್ಗಿ ಹಾಗೇ ಕಾಯುತ್ತದೆ. ರೇಡಿಯಲ್‌ನಲ್ಲಿ ನೂಲುಗಳು ನೇರವಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿರುತ್ತವೆ. ಪದರಗಳು ಒಂದರ ಮೇಲೊಂದು ಉಜ್ಜುವುದು ಕಮ್ಮಿ, ಬಿಸಿಯೂ ಕಮ್ಮಿ. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಎಳೆಯುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಬಾಳಿಕೆಯೂ ಜಾಸ್ತಿ. ಬೆಲೆ ನೈಲಾನ್‌ಗಿಂತ ಮೇಲೆ.

ಟ್ರೈಲರ್ ನೈಲಾನ್

ಕಾಗದದ ಮೇಲೆ ಭಾರದ ಲೆಕ್ಕ ಒಂದೇ. 205/75 ಅಳತೆಯ 15 ಇಂಚಿನ ಸಿ ನೈಲಾನ್ ಟೈರ್ ಹೊರುವುದೂ ಅದೇ 825 ಕೆ.ಜಿ. ವ್ಯತ್ಯಾಸ ಕಾಣುವುದು ಓಡಿದ ಮೇಲೆ. ಇಲ್ಲಿ ನೂಲಿನ ಪದರಗಳು ಒಂದಕ್ಕೊಂದು ಕತ್ತರಿಯಂತೆ ಅಡ್ಡಡ್ಡ ಕೂತಿರುತ್ತವೆ. ಓಡುವಾಗ ಉಜ್ಜಿಕೊಂಡು ಬೇಗ ಕಾಯುತ್ತವೆ. ತಿಂಗಳುಗಟ್ಟಲೆ ನಿಂತರೆ ಕೆಳಭಾಗ ಚಪ್ಪಟೆಯಾಗಿ, ಮೊದಲ ಕೆಲವು ಕಿ.ಮೀ. ದಡಬಡ ಅನ್ನುತ್ತದೆ.

ಆದರೂ ಇದನ್ನು ಪೂರ್ತಿ ತಳ್ಳಿಹಾಕಬೇಡಿ. ಪಕ್ಕದ ಗೋಡೆ ದಪ್ಪ. ಕಲ್ಲು, ಮುಳ್ಳು, ಕಟ್ಟಿಗೆ ಚುಚ್ಚುವ ದಾರಿಯಲ್ಲಿ ನಿಧಾನಕ್ಕೆ ಭಾರ ಎಳೆಯುವವರಿಗೆ ನೈಲಾನ್ ನಿಜಕ್ಕೂ ಒಳ್ಳೆಯ ಆಯ್ಕೆ, ಅದೂ ಕಮ್ಮಿ ಬೆಲೆಗೆ. ಕೆಲಸದ ಜಾಗದಿಂದ ಮನೆಗೆ ನಾಲ್ಕೈದು ಕಿ.ಮೀ. ಅಷ್ಟೇ ಓಡಾಟ ಅನ್ನುವವರು ರೇಡಿಯಲ್‌ಗೆ ಜಾಸ್ತಿ ದುಡ್ಡು ಕೊಟ್ಟು ಪಡೆಯುವುದು ಹೆಚ್ಚೇನಿಲ್ಲ.

ಒಂದೇ ಟ್ರೈಲರ್‌ನಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಬೇಡ. ಒಂದು ಬಗ್ಗುವ ರೀತಿ ಬೇರೆ, ಇನ್ನೊಂದು ಬಗ್ಗುವ ರೀತಿ ಬೇರೆ. ಟ್ರೈಲರ್ ನೇರ ಬರುವುದಿಲ್ಲ.

ಪಿಕಪ್ ಟೈರ್ ಮತ್ತು ವ್ಯಾನ್ ಟೈರ್

ಎಲ್‌ಟಿ ಅಂತ ಶುರುವಾಗುವುದು ಪಿಕಪ್, ಸಣ್ಣ ಟ್ರಕ್ಕುಗಳ ಟೈರ್. ಇಲ್ಲೊಂದು ಸ್ವಾರಸ್ಯ ಇದೆ. 235/85 ಆರ್ 16 ಅಳತೆಯಲ್ಲಿ ಇ ದರ್ಜೆಯ ಎಲ್‌ಟಿ ಟೈರ್ 80 ಪಿಎಸ್‌ಐಗೆ 1380 ಕೆ.ಜಿ. ಹೊರುತ್ತದೆ. ಅದೇ ಅಳತೆ, ಅದೇ ದರ್ಜೆ, ಅದೇ ಗಾಳಿಯ ಎಸ್‌ಟಿ ಟೈರ್ ಮೇಲೆ 1650 ಕೆ.ಜಿ. ಅಂತ ಬರೆದಿರುತ್ತದೆ. ಎಸ್‌ಟಿ ಅಷ್ಟು ಗಟ್ಟಿಯಾ? ಹಾಗೇನಿಲ್ಲ. ಎಸ್‌ಟಿ ಟೈರ್‌ಗಳ ಭಾರದ ಲೆಕ್ಕ ಮೊದಲಿನಿಂದ ಗಂಟೆಗೆ 105 ಕಿ.ಮೀ. ಮಿತಿ ಇಟ್ಟುಕೊಂಡು ಮಾಡಿದ್ದು. ವೇಗ ಕಮ್ಮಿ, ಬಿಸಿ ಕಮ್ಮಿ, ಹಾಗಾಗಿ ಭಾರ ಜಾಸ್ತಿ ಬರೆಯಬಹುದು. ಅಂದರೆ ದೊಡ್ಡ ಸಂಖ್ಯೆ ಕಂಡ ತಕ್ಷಣ ಗಟ್ಟಿ ಟೈರ್ ಅಂದುಕೊಳ್ಳಬೇಡಿ. ಯಾವ ವೇಗಕ್ಕೆ ಅನ್ನುವುದನ್ನೂ ನೋಡಿ.

ಟೈರ್ ಒಂದಕ್ಕೆ 1100 ಕೆ.ಜಿ. ಬೀಳುವ ಭಾರಿ ಟ್ರೈಲರ್‌ನಲ್ಲಿ ಇ ದರ್ಜೆಯ ಎಲ್‌ಟಿ ಹಾಕಿದರೂ ಶೇ. 25ರಷ್ಟು ಬಿಡುವು ಸಿಗುತ್ತದೆ. ವೇಗದ ಮಿತಿಯೂ ಸಾಮಾನ್ಯವಾಗಿ ಮೇಲೆ. ದೂರದೂರ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಟೈರ್ ಒಂದಕ್ಕೆ 1300 ಬೀಳುತ್ತದೆ ಅಂದರೆ ಎಲ್‌ಟಿ ಸಾಲದು, ಎಸ್‌ಟಿ ಹಾಕಿ ವೇಗ ಇಳಿಸಬೇಕು. ಎಲ್‌ಟಿ ಟೈರ್‌ಗಳು ಹೆಚ್ಚಾಗಿ 15, 16 ಇಂಚು ಮತ್ತು ಮೇಲಿನ ಡಿಸ್ಕಿಗೇ ಸಿಗುವುದು. 13 ಇಂಚಿನ ಟ್ರೈಲರ್ ಇಟ್ಟುಕೊಂಡವರಿಗೆ ಈ ದಾರಿ ಇಲ್ಲ.

13, 14 ಇಂಚಿನವರಿಗೆ ಇರುವ ದಾರಿ ವ್ಯಾನ್ ಟೈರ್, ಅಂದರೆ ಅಳತೆಯ ಕೊನೆಗೆ ಸಿ ಅಕ್ಷರ ಇರುವುದು (ಇದು ಲೋಡ್ ರೇಂಜಿನ ಸಿ ಅಲ್ಲ). 195 ಆರ್ 14 ಸಿ ಟೈರ್ ಮೇಲೆ 106/104 ಅಂತ ಇದ್ದರೆ ಮೊದಲ ಸಂಖ್ಯೆ ಒಂಟಿ ಚಕ್ರಕ್ಕೆ, ಅದು 950 ಕೆ.ಜಿ. ಎರಡನೆಯದು ಜೋಡಿ ಚಕ್ರಕ್ಕೆ, ಅದು 900. 185 ಆರ್ 14 ಸಿ ಯಲ್ಲಿ 102/100 ಇದ್ದರೆ 850 ಮತ್ತು 800. ಇವು ದಿನವಿಡೀ ಭಾರ ಹೊತ್ತು ಓಡಲು ಮಾಡಿದ ಟೈರ್‌ಗಳು. ಟ್ರೈಲರ್‌ಗೆಂದೇ ಮಾಡಿದ ಟೈರ್ ಸುಲಭವಾಗಿ ಸಿಗದ ಕಡೆ ಇವು ಹಿಂದುಮುಂದು ನೋಡದೆ ತಗೊಳ್ಳಬಹುದಾದ ಟೈರ್. ಡಿಸ್ಕಿನ ಅಗಲ ಹೊಂದುತ್ತದಾ, ಮಡ್‌ಗಾರ್ಡ್‌ಗೆ ತಾಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ.

ಕಾರಿನ ಟೈರ್

ಹಾಕಲೇಬಾರದು ಅನ್ನುವವರಿದ್ದಾರೆ. ನನಗೆ ಅಷ್ಟು ಕಟ್ಟುನಿಟ್ಟು ಬೇಕು ಅನ್ನಿಸುವುದಿಲ್ಲ. ಹಗುರ ಟ್ರೈಲರ್‌ಗಳು ಎಷ್ಟೋ ಕಡೆ ಕಾರ್ಖಾನೆಯಿಂದಲೇ ಕಾರಿನ ಟೈರ್ ಹಾಕಿಕೊಂಡು ಬರುತ್ತವೆ. ಆದರೆ ಲೆಕ್ಕ ಹಾಕುವಾಗ ಕಾರಿನ ಟೈರ್ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಬೇಕು. ಟ್ರೈಲರ್‌ಗೆ ಹಾಕಿದರೆ ಅದು ಪೂರ್ತಿ ಬರೆದಷ್ಟು ಹೊರುವುದಿಲ್ಲ ಅಂತಲೇ ನಿಯಮ. ಭಾರದ ಸಂಖ್ಯೆ 91 ಇದ್ದರೆ 615 ಕೆ.ಜಿ. ಭಾಗಿಸಿದರೆ ಸುಮಾರು 559. ಒಟ್ಟು 750 ಕೆ.ಜಿ. ಟ್ರೈಲರ್‌ಗೆ ಒಂದು ಟೈರ್ ಮೇಲೆ 375 ಬೀಳುತ್ತದೆ, ಧಾರಾಳ ಸಾಕು. 1400 ಕೆ.ಜಿ. ಟ್ರೈಲರ್‌ಗೆ ಕಣ್ಣೆತ್ತಿಯೂ ನೋಡಬೇಡಿ. ಪಕ್ಕದ ಗೋಡೆ ಮೆತ್ತಗಿರುವುದರಿಂದ ಎತ್ತರಕ್ಕೆ ಪೇರಿಸಿದ ಲೋಡ್ ತೂಗಾಡುವುದೂ ಜಾಸ್ತಿ.

ಇನ್ನು ಕಾರಿನಿಂದ ಬಿಚ್ಚಿದ ಹಳೆಯ ಟೈರ್. ಬಿಚ್ಚುವ ಹೊತ್ತಿಗೆ ಅದಕ್ಕೆ ವಯಸ್ಸಾಗಿರುತ್ತದೆ. ಟ್ರೈಲರ್ ಟೈರ್ ಸಾಯುವುದೂ ವಯಸ್ಸಾಗಿಯೇ. ಮುಕ್ಕಾಲು ಆಯುಷ್ಯ ಮುಗಿದದ್ದನ್ನು ತಂದು, ಆಯುಷ್ಯವೇ ಮುಖ್ಯವಾದ ಜಾಗಕ್ಕೆ ಹಾಕಿದ ಹಾಗಾಯಿತು. ರೀಟ್ರೆಡ್ ಟೈರ್‌ಗೂ ಇದೇ ಮಾತು. ದೊಡ್ಡ ಲಾರಿಗಳಿಗೆ ರೀಟ್ರೆಡ್ ಸರಿ, ಅಲ್ಲಿ ಬಟನ್ ಬೇಗ ಸವೆಯುತ್ತದೆ, ಒಡಲು ಇನ್ನೂ ಗಟ್ಟಿ ಇರುತ್ತದೆ. ಸಣ್ಣ ಟ್ರೈಲರ್‌ನಲ್ಲಿ ಸವೆಯದ ಬಟನ್‌ಗೆ ಹೊಸ ಬಟನ್ ಕೂರಿಸಿ ಏನು ಮಾಡುವುದು?

ಪುಟ್ಟ ಚಕ್ರ, ಗಾಳಿಯಿಲ್ಲದ ಟೈರ್

8 ಇಂಚಿನ ಪುಟ್ಟ ಚಕ್ರಗಳು ತಗ್ಗು ಟ್ರೈಲರ್‌ಗೆ ಅನುಕೂಲ, ಹತ್ತಿಸಿ ಇಳಿಸುವುದು ಸುಲಭ. ಆದರೆ 4.80-8 ಟೈರ್ ಒಂದು ಕಿ.ಮೀ. ದಾಟಲು ಸುಮಾರು 770 ಸುತ್ತು ಸುತ್ತುತ್ತದೆ. ನಮ್ಮ 15 ಇಂಚಿನ ಟೈರ್‌ಗೆ 460 ಸಾಕು. ಅಷ್ಟು ಜಾಸ್ತಿ ಬಗ್ಗುವಿಕೆ, ಅಷ್ಟು ಜಾಸ್ತಿ ಬಿಸಿ, ಬೇರಿಂಗ್‌ಗೂ ಅಷ್ಟೇ ಪೆಟ್ಟು. ಗುಂಡಿ ಬಿದ್ದ ರಸ್ತೆಯಲ್ಲಿ ಪೂರ್ತಿ ಚಕ್ರವೇ ಗುಂಡಿಯೊಳಗೆ ಇಳಿಯುತ್ತದೆ. ದೂರ ಹೋಗುವ ಯೋಚನೆ ಇದ್ದರೆ 13 ಇಂಚಿಗಿಂತ ಕಮ್ಮಿ ಬೇಡ. ಫೋಮ್ ತುಂಬಿದ್ದು, ಪೂರ್ತಿ ರಬ್ಬರಿನದು ಪಂಕ್ಚರ್ ಆಗುವುದಿಲ್ಲ, ನಿಜ. ಆದರೆ ಅಂಗಳ, ತೋಟ, ಕಾರ್ಖಾನೆಯ ಒಳಗಿನ ನಿಧಾನದ ಓಡಾಟಕ್ಕಷ್ಟೇ. ರಸ್ತೆಗೆ ತರಬೇಡಿ.

ಯಾರಿಗೆ ಯಾವುದು

ತಿಂಗಳಿಗೊಮ್ಮೆ ಹತ್ತಿರದಲ್ಲೇ ಕಸ, ಮರಳು, ಪೀಠೋಪಕರಣ ಸಾಗಿಸುವ 750 ಕೆ.ಜಿ. ಒಳಗಿನ ಟ್ರೈಲರ್: ಹೊಸ ಕಾರಿನ ಟೈರ್, ಇಲ್ಲವೇ ಟ್ರೈಲರ್ ನೈಲಾನ್. ಎರಡರಲ್ಲಿ ಕಮ್ಮಿ ಬೆಲೆಗೆ ಸಿಕ್ಕಿದ್ದು. ಕಾರಿನ ಟೈರನ್ನು ಟ್ರೈಲರ್‌ಗೆ ಬಿಡುತ್ತಾರಾ ಅಂತ ನಿಮ್ಮ ಕಡೆಯ ಕಾನೂನು ನೋಡಿಕೊಳ್ಳಿ.

ವಾರಕ್ಕೆರಡು ಸಲ ಹೆದ್ದಾರಿಗೆ ಇಳಿಯುವ, ಟನ್ನಿನ ಮೇಲಿನ ಟ್ರೈಲರ್: ಟ್ರೈಲರ್ ರೇಡಿಯಲ್ ಅಥವಾ ವ್ಯಾನ್ ಟೈರ್. ಲೆಕ್ಕ ಅಂಚಿನಲ್ಲಿದ್ದರೆ ಲೋಡ್ ರೇಂಜಿನಲ್ಲಿ ಒಂದು ಮೆಟ್ಟಿಲು ಮೇಲಿನದು. ಹೆಸರಾಂತ ಕಂಪನಿಯ ಸಿ ಮತ್ತು ಸಾಧಾರಣ ಕಂಪನಿಯ ಡಿ ಒಂದೇ ಬೆಲೆಗೆ ಸಿಕ್ಕರೆ? ಭಾರಕ್ಕೆ ಸಿ ಸಾಲುತ್ತದೆ ಅಂದರೆ ನಾನು ಹೆಸರಾಂತ ಸಿ ತಗೊಳ್ಳುತ್ತೇನೆ. ಸಾಲದು ಅಂದರೆ ಪ್ರಶ್ನೆಯೇ ಇಲ್ಲ, ಡಿ.

ಎರಡು ಆಕ್ಸಲ್, ಎರಡು ಟನ್ ದಾಟಿದ್ದು, ದೂರದ ಪಯಣ: ಡಿಸ್ಕ್ ಒಪ್ಪಿದರೆ ಎಲ್‌ಟಿ, ಇಲ್ಲದಿದ್ದರೆ ಡಿ ಅಥವಾ ಇ ದರ್ಜೆಯ ಟ್ರೈಲರ್ ರೇಡಿಯಲ್. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ವರ್ಷಪೂರ್ತಿ ನಿಂತಿದ್ದು ಎಲ್ಲೋ ಒಮ್ಮೆ ಹೊರಡುವ ಟ್ರೈಲರ್: ದುಬಾರಿ ಟೈರ್ ಹಾಕಿದರೂ ವಯಸ್ಸು ಅದನ್ನು ತಿಂದುಬಿಡುತ್ತದೆ. ಮಧ್ಯಮ ಬೆಲೆಯದು ಹಾಕಿ, ಆದರೆ ತೀರಾ ಹೊಸ ತಾರೀಕಿನದು ಕೇಳಿ ಪಡೆಯಿರಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಹಳೇ ರೇಡಿಯಲ್‌ಗಿಂತ ಹೊಸ ನೈಲಾನ್ ಎಷ್ಟೋ ವಾಸಿ.

ತಾರೀಕು ಓದುವುದು

ಟೈರ್ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯೇ ಹುಟ್ಟಿದ ತಾರೀಕು. 2319 ಅಂದರೆ 2019ನೇ ವರ್ಷದ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೆ ಮುಂಚಿನ ಟೈರ್, ಕೇಳಬೇಕಾದ್ದೇನೂ ಉಳಿದಿಲ್ಲ. ಕೆಲವು ಟೈರ್‌ಗಳಲ್ಲಿ ಪೂರ್ತಿ ಸಾಲು ಒಂದೇ ಬದಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಟ್ರೈಲರ್ ಕೆಳಗೆ ತೂರಿ ಒಳಬದಿ ನೋಡಿ. ಅಂಗಡಿಯಲ್ಲಿ ವರ್ಷ ದಾಟಿದ ಟೈರ್ ತೋರಿಸಿದರೆ ಬೇರೆ ಕೇಳಿ. ಟ್ರೈಲರ್‌ನಲ್ಲಿ 5ರಿಂದ 6 ವರ್ಷ ಆದ ಮೇಲೆ ಬದಲಿಸುವುದು ಒಳ್ಳೆಯದು. 10 ವರ್ಷ ಆದದ್ದನ್ನು ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಲೆಕ್ಕ, ಅದು ಒಂದು ಕಿ.ಮೀ. ಓಡದಿದ್ದರೂ ಮುದಿಯಾಗುತ್ತದೆ.

ಹಾಕಿದ ಮೇಲೆ: ಗಾಳಿ, ಗಾಳಿ, ಗಾಳಿ

ಯಾವ ಟೈರ್ ಆರಿಸಿದಿರಿ ಅನ್ನುವುದಕ್ಕಿಂತ ಗಾಳಿ ಎಷ್ಟಿದೆ ಅನ್ನುವುದು ದೊಡ್ಡದು. ಟ್ರೈಲರ್‌ನ ತಗಡಿನ ಮೇಲೆ ಬರೆದಷ್ಟು ಹೊಡೆಸಿ. ಅದಿಲ್ಲದಿದ್ದರೆ, ಎಸ್‌ಟಿ ಟೈರ್‌ಗೆ ಪಕ್ಕದಲ್ಲಿ ಬರೆದ ಗರಿಷ್ಠ ಗಾಳಿಯೇ ಸಾಮಾನ್ಯ ಪದ್ಧತಿ. ಎಲ್‌ಟಿ, ವ್ಯಾನ್, ಕಾರು ಟೈರ್‌ಗಳಿಗೆ ಕಂಪನಿಯ ಭಾರ ಮತ್ತು ಗಾಳಿಯ ಪಟ್ಟಿ ನೋಡಿ ಹೊಡೆಸಬೇಕು.

ನೋಡುವುದು ತಣ್ಣಗಿದ್ದಾಗ. ಕನಿಷ್ಠ ಮೂರು ಗಂಟೆ ನಿಂತಿರಬೇಕು, ಬಿಸಿಲು ಒಂದೇ ಕಡೆ ಬಿದ್ದಿರಬಾರದು. 50 ಪಿಎಸ್‌ಐ ಟೈರ್‌ನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಪಿಎಸ್‌ಐ ಏರುಪೇರಾಗುತ್ತದೆ. ಓಡಿದ ಮೇಲೆ ಒತ್ತಡ ಏರಿದ್ದನ್ನು ಕಂಡು ಗಾಳಿ ಹೊರಗೆ ಬಿಡುವವರಿದ್ದಾರೆ. ಬೇಡ. ಆ ಏರಿಕೆಯನ್ನು ಲೆಕ್ಕಕ್ಕಿಟ್ಟೇ ಮಿತಿ ಬರೆದಿರುತ್ತಾರೆ. ಬಿಸಿಯಲ್ಲಿ ಬಿಟ್ಟರೆ ತಣ್ಣಗಾದ ಮೇಲೆ ಗಾಳಿ ಸಾಲದು.

ಏನೂ ತೂತಿಲ್ಲದ ಟೈರ್ ಕೂಡ ತಿಂಗಳಿಗೆ ಸುಮಾರು 1 ಪಿಎಸ್‌ಐ ಕಳೆದುಕೊಳ್ಳುತ್ತದೆ. ಆರು ತಿಂಗಳು ನಿಂತ ಟ್ರೈಲರ್‌ನಲ್ಲಿ 50 ಇದ್ದದ್ದು 44 ಆಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಿಗಿ ಗೋಡೆಯ ಟೈರ್ ಅರ್ಧ ಗಾಳಿಯಲ್ಲೂ ತುಂಬಿದ ಹಾಗೆ ಕಾಣುತ್ತದೆ. ಕಾಲಲ್ಲಿ ಒದ್ದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. 100 ಪಿಎಸ್‌ಐವರೆಗೆ ಅಳೆಯುವ ಒಂದು ಗೇಜ್ ಕೊಂಡು ಗಾಡಿಯಲ್ಲೇ ಇಡಿ. ಇಡೀ ಪಟ್ಟಿಯಲ್ಲಿ ಕಮ್ಮಿ ದುಡ್ಡಿಗೆ ಜಾಸ್ತಿ ಕೆಲಸ ಮಾಡುವುದು ಅದೇ. ಬೇಕಾದ ಗಾಳಿಗಿಂತ ಶೇ. 20 ಕಮ್ಮಿಯಲ್ಲಿ, ಅಂದರೆ 50ರ ಬದಲು 40ರಲ್ಲಿ ಓಡಿದ ಟೈರನ್ನು ಪಂಕ್ಚರ್ ಆಗಿ ಓಡಿದ ಟೈರ್ ಅಂತಲೇ ತಿಳಿಯಬೇಕು. ಸುಮ್ನೆ ಗಾಳಿ ಹೊಡೆದು ಹೊರಡಬೇಡಿ. ಬಿಚ್ಚಿಸಿ ಒಳಗೆ ನೂಲು ಕಿತ್ತಿದೆಯಾ ಅಂತ ತೋರಿಸಿ.

ಎರಡು ಆಕ್ಸಲ್‌ನಲ್ಲಿ ಒಂದು ಟೈರ್ ಗಾಳಿ ಬಿಟ್ಟರೆ ಅದರ ಪಕ್ಕದ್ದು ಎರಡರ ಭಾರವನ್ನೂ ಹೊರುತ್ತದೆ. ಸಿಡಿದದ್ದನ್ನು ಬದಲಿಸಿ ಸುಮ್ಮನಾಗುತ್ತೇವೆ, ಹೊರೆ ಹೊತ್ತದ್ದು ಮುಂದಿನ ತಿಂಗಳು ಸಿಡಿಯುತ್ತದೆ. ಅದನ್ನೂ ಬಿಚ್ಚಿ ನೋಡಬೇಕು.

ಹೆದ್ದಾರಿಯಲ್ಲಿ ಓಡಿಸುವವರು ಟ್ರೈಲರ್‌ಗೂ ಗಾಳಿ ತೋರಿಸುವ ಸೆನ್ಸರ್ ಹಾಕಿಸಿಕೊಳ್ಳುವುದು ಒಳ್ಳೆಯದು. ವಾಲ್ವ್ ತುದಿಗೆ ತಿರುಗಿಸಿ ಹಾಕುವಂಥದ್ದಾದರೆ ರಬ್ಬರ್ ವಾಲ್ವ್ ಬೇಡ, ಆ ತೂಕಕ್ಕೆ ಅದು ಬಳುಕಿ ಬಿರುಕು ಬಿಡುತ್ತದೆ. ಲೋಹದ ವಾಲ್ವ್ ಹಾಕಿಸಿ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐ ಆಸುಪಾಸಿನವರೆಗೆ ಮಾತ್ರ. 80 ಹೊಡೆಯುವ ಟೈರ್‌ಗೆ ಸೆನ್ಸರ್ ಇರಲಿ ಬಿಡಲಿ ಲೋಹದ್ದೇ ಬೇಕು. ಹೊಸ ಟೈರ್ ಹಾಕಿಸುವಾಗಲೆಲ್ಲ ವಾಲ್ವ್ ಕೂಡ ಹೊಸದು.

ಉಳಿದದ್ದು

ನಟ್ಟುಗಳನ್ನು ಎದುರುಬದುರು ಬಿಗಿಯಿರಿ, ಒಂದರ ಪಕ್ಕ ಒಂದಲ್ಲ. ಎಷ್ಟು ಬಿಗಿಯಬೇಕು ಅನ್ನುವುದು ಟ್ರೈಲರ್ ಪುಸ್ತಕದಲ್ಲಿರುತ್ತದೆ. ಅರ್ಧ ಇಂಚಿನ ಸ್ಟಡ್ಡಿಗೆ ಸಾಮಾನ್ಯವಾಗಿ 120ರಿಂದ 160 ನ್ಯೂಟನ್ ಮೀಟರ್. ಹೊಸದಾಗಿ ಚಕ್ರ ಹಾಕಿ 80ರಿಂದ 160 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಡಿಸ್ಕ್ ಕೂತುಕೊಂಡು ನಟ್ಟು ಸಡಿಲ ಆಗುವುದು ಆಗಲೇ.

ಸವೆತ ಎಲ್ಲಿದೆ ಅಂತ ಓದಿ. ನಡುವೆ ಸವೆದಿದ್ದರೆ ಆ ಭಾರಕ್ಕೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಮ್ಮಿ. ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಗ್ಗಿರಬಹುದು, ಹೊಸ ಟೈರ್ ಹಾಕಿದರೂ ಅದೇ ಗತಿ. ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಬ್ಯಾಲೆನ್ಸಿಂಗ್ ಅಥವಾ ಬೇರಿಂಗ್ ನೋಡಿ. ಬಟನ್ 1.6 ಮಿ.ಮೀ.ಗೆ ಇಳಿದರೆ, ಪಕ್ಕದಲ್ಲಿ ಉಬ್ಬು ಬಂದರೆ, ಬಿರುಕಿನಲ್ಲಿ ನೂಲು ಕಂಡರೆ ಆ ಟೈರ್ ಮುಗಿಯಿತು. ಪಂಕ್ಚರ್ ಹಾಕಿಸುವುದಾದರೆ ಬಟನ್ ಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಿಗೆ ಮಾತ್ರ, ಅದೂ ಟೈರ್ ಬಿಚ್ಚಿ ಒಳಗಿನಿಂದ. ಪಕ್ಕದ ಗೋಡೆಗೆ ಪಂಕ್ಚರ್ ಹಾಕಿದ ಟೈರನ್ನು ಟ್ರೈಲರ್‌ಗೆ ಹಾಕಬೇಡಿ.

ನಿಲ್ಲಿಸಿಡುವಾಗ ಲೋಡ್ ಇಳಿಸಿ, ಗಾಳಿ ಪೂರ್ತಿ ಹೊಡೆದು, ಟೈರ್ ಮೇಲೆ ಬಿಸಿಲು ಬೀಳದಂತೆ ಮುಚ್ಚಿ. ಆಗುವುದಾದರೆ ಚಾಸಿಗೆ ಆಸರೆ ಕೊಟ್ಟು ಚಕ್ರ ನೆಲದಿಂದ ಎತ್ತಿಡಿ, ಇಲ್ಲವೇ ಹಲಗೆ ಮೇಲೆ ನಿಲ್ಲಿಸಿ. ವೆಲ್ಡಿಂಗ್ ಯಂತ್ರ, ವಿದ್ಯುತ್ ಮೋಟಾರ್ ಪಕ್ಕ ಬೇಡ, ಅವು ಹುಟ್ಟಿಸುವ ಓಝೋನ್ ರಬ್ಬರನ್ನು ಸೀಳುತ್ತದೆ. ಟೈರ್ ಮಿರಿಮಿರಿ ಹೊಳೆಯಲಿ ಅಂತ ಪೆಟ್ರೋಲಿಯಂ ಎಣ್ಣೆ ಬೆರೆತ ಪಾಲಿಶ್ ಬಳಿಯಬೇಡಿ. ಸೋಪಿನ ನೀರು ಸಾಕು. ನಡುವೆ ಆಗಾಗ ಒಂದಿಷ್ಟು ದೂರ ಓಡಿಸಿ. ರಬ್ಬರಿಗೆ ಬೆರೆಸಿದ ಕಾಪು ಮೇಣ ಟೈರ್ ಬಗ್ಗಿದಾಗಲೇ ಮೇಲಕ್ಕೆ ಬರುವುದು.

ದಾರಿಯಲ್ಲಿ ಮೊದಲ ಸಲ ನಿಂತಾಗ ಎಲ್ಲ ಚಕ್ರಗಳ ಬಿಸಿಯನ್ನು ಒಂದಕ್ಕೊಂದು ಹೋಲಿಸಿ. ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಂಗೈ ಹಿಂಭಾಗ ಹತ್ತಿರ ಹಿಡಿದರೂ ಗೊತ್ತಾಗುತ್ತದೆ. ಒಂದು ಟೈರ್ ಮಾತ್ರ ಬಿಸಿ ಇದ್ದರೆ ಗಾಳಿ ಕಮ್ಮಿ. ಹಬ್ (ಚಕ್ರದ ನಡುಭಾಗ) ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಸ್ಟೆಪ್ನಿ ಅದೇ ಅಳತೆ, ಅದೇ ಲೋಡ್ ರೇಂಜಿನದಿರಲಿ. ಕಾರಿನ ಜಾಕ್ ಟ್ರೈಲರ್ ಕೆಳಗೆ ಕೂರುತ್ತದೆ ಅಂತಲೂ ಲೋಡ್ ಎತ್ತುತ್ತದೆ ಅಂತಲೂ ನಂಬಬೇಡಿ. ಕಾರಿನ ವೀಲ್ ಸ್ಪ್ಯಾನರ್ ಟ್ರೈಲರ್ ನಟ್ಟಿಗೆ ಹೊಂದದೇ ಇರುವುದೂ ಸಾಮಾನ್ಯ. ಹೊರಡುವ ಮೊದಲು ಮನೆ ಮುಂದೆಯೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ, ಯಾವ ಸಾಮಾನು ಕಮ್ಮಿ ಇದೆ ಅಂತ ಆಗಲೇ ತಿಳಿಯುತ್ತದೆ.